ಮಂಜೂರ್, ಮಂಜೂರ್! ಹೊಸ ಅಧ್ಯಕ್ಷರಿಗೊಂದು ಕೈಪಿಡಿ

ನೀವೀಗ ಒಂದು ಪತ್ತಿನ ಸಹಕಾರಿ ಸಂಘದ ಅಧ್ಯಕ್ಷರು. ಹಾರ ಹಾಕಿಸಿಕೊಂಡಿರಿ, ಪೇಢೆ ಹಂಚಿದಿರಿ, ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ಲಿನಲ್ಲಿ ಬ್ಯಾನರ್ ಕಟ್ಟಿಸಿದಿರಿ. ವರ್ಷದ ಹನ್ನೊಂದು ತಿಂಗಳು ನಿಮಗೆ ಯಾವ ತೊಂದರೆಯೂ ಇಲ್ಲ. ಉಳಿದ ಒಂದು ತಿಂಗಳು ಸೆಪ್ಟೆಂಬರ್. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ ಪ್ರಕಾರ ಪ್ರತಿ ಸಂಘವೂ ಸೆಪ್ಟೆಂಬರ್ 25ರೊಳಗೆ ವಾರ್ಷಿಕ ಸರ್ವಸಾಧಾರಣ ಸಭೆ ನಡೆಸಲೇಬೇಕು. ವರ್ಷವಿಡೀ ಕೌಂಟರಿನ ಆಚೆ ನಿಂತು ಕಾಯುವ ಜನ ಆ ಒಂದು ದಿನ ಸಂಘದ ಒಡೆಯರಾಗಿ ನಿಮ್ಮೆದುರು ಬಂದು ಕೂರುತ್ತಾರೆ. ಜಮಾ-ಖರ್ಚು, ಅಢಾವೆ ಪತ್ರಿಕೆ, ಲೆಕ್ಕಪರಿಶೋಧನಾ ವರದಿ, ಲಾಭ ಹಂಚಿಕೆ, ಮುಂದಿನ ವರ್ಷದ ಅಂದಾಜು, ಎಲ್ಲವನ್ನೂ ಅವರು ನೋಡಿ ಒಪ್ಪಬೇಕು. ಒಪ್ಪಲಿ, ಅಡ್ಡಿಯಿಲ್ಲ. ನೋಡುವ ಕೆಲಸದಿಂದ ಮಾತ್ರ ಅವರನ್ನು ಬಿಡಿಸಿ. ಅದಕ್ಕೇ ಈ ಕೈಪಿಡಿ.

ಮೊದಲು ನಿಮ್ಮ ನೆಲದ ಬಲ ತಿಳಿದುಕೊಳ್ಳಿ. ದೇಶದ ಮೊದಲನೆಯದೆಂದು ಹೆಸರಾದ ಕೃಷಿ ಪತ್ತಿನ ಸಹಕಾರ ಸಂಘ ನೋಂದಣಿಯಾದದ್ದು ಇಲ್ಲೇ ಪಕ್ಕದಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ, 1905ರ ಮೇ 8ರಂದು. ಮುಂದೆ ನಿಂತು ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. 1997ರಲ್ಲಿ ಗದಗ ಬೇರೆ ಜಿಲ್ಲೆಯಾಗುವವರೆಗೂ ಆ ಊರು ಧಾರವಾಡ ಜಿಲ್ಲೆಯದೇ. ರೈತನನ್ನು ಸಾಹುಕಾರನ ಬಡ್ಡಿಯಿಂದ ಬಿಡಿಸಬೇಕು, ಊರವರು ಕೂಡಿಸಿದ ದುಡ್ಡಿನ ಲೆಕ್ಕವನ್ನು ಊರವರೇ ಕೂತು ನೋಡಬೇಕು ಎಂಬ ಹಟದಿಂದ ಹುಟ್ಟಿದ ಚಳವಳಿ ಅದು. ಈ ಇತಿಹಾಸ ನಿಮಗೆ ಬಹಳ ಉಪಯೋಗಕ್ಕೆ ಬರುತ್ತದೆ. ಸಾವಕಾಶವಾಗಿ ಹೇಳಿದರೆ ಇಪ್ಪತ್ತು ನಿಮಿಷ ಹಿಡಿಸುತ್ತದೆ. ವಿಶ್ವಸಂಸ್ಥೆ 2012ನ್ನೂ 2025ನ್ನೂ ಅಂತರರಾಷ್ಟ್ರೀಯ ಸಹಕಾರ ವರ್ಷವೆಂದು ಸಾರಿತ್ತು ಎಂದು ಸೇರಿಸಿದರೆ ಇನ್ನೈದು ನಿಮಿಷ. ಪಾಟೀಲರ ಫೋಟೊಕ್ಕೆ ಹಾರ ಹಾಕಿ, ದೀಪ ಹಚ್ಚಿ. ಊರವರೇ ಲೆಕ್ಕ ನೋಡುವ ಆ ಎರಡನೆಯ ಭಾಗವನ್ನು ಭಾಷಣದಲ್ಲಿ ಬಿಟ್ಟುಬಿಡಿ.

ಇನ್ನು ದಿನಾಂಕ. ಗಣಪತಿ ಹಬ್ಬ ಯಾವಾಗ ಬರುತ್ತದೆಂದು ಪಂಚಾಂಗ ನೋಡಿ. ಸೆಪ್ಟೆಂಬರಿನಲ್ಲಿ ಬಂದರೆ ನಿಮ್ಮ ಪುಣ್ಯ. ಹನ್ನೊಂದನೆಯ ದಿನದ ವಿಸರ್ಜನೆಗೆ ಹುಬ್ಬಳ್ಳಿಗೆ ಹುಬ್ಬಳ್ಳಿಯೇ ರಾತ್ರಿಯಿಡೀ ರಸ್ತೆಯ ಮೇಲಿರುತ್ತದೆ. ಮರುದಿನ ಬೆಳಗ್ಗೆ ಸಭೆ ಇಡಿ. ನಿದ್ದೆಗಣ್ಣಿನ ಸದಸ್ಯನಷ್ಟು ಸಹಕಾರಿ ಮನೋಭಾವದವನು ಬೇರೊಬ್ಬನಿಲ್ಲ. ಸ್ಥಳದ ವಿಷಯದಲ್ಲಿ ಅವಳಿ ನಗರ ನಿಮಗೆ ಕೊಟ್ಟಿರುವ ಅನುಕೂಲ ಬೇರೆ ಊರಿನ ಅಧ್ಯಕ್ಷರಿಗಿಲ್ಲ. ಹೆಚ್ಚು ಸದಸ್ಯರು ಧಾರವಾಡದವರಾದರೆ ಸಭೆ ಹುಬ್ಬಳ್ಳಿಯ ಗೋಕುಲ ರೋಡಿನ ಕಲ್ಯಾಣ ಮಂಟಪದಲ್ಲಿರಲಿ, ಹುಬ್ಬಳ್ಳಿಯವರಾದರೆ ಧಾರವಾಡದ ಸಪ್ತಾಪುರದಲ್ಲಿ. ನಡುವೆ ಇಪ್ಪತ್ತು ಚಿಲ್ಲರೆ ಕಿಲೋಮೀಟರು. ಚಿಗರಿ ಬಸ್ಸು ಬೇಗ ಮುಟ್ಟಿಸುತ್ತದೆ ನಿಜ, ಆದರೆ ಅದರ ಸ್ಟೇಶನ್ನಿನಿಂದ ಮಂಟಪಕ್ಕೆ ಆಟೊದವನು ಕೇಳುವ ರೊಕ್ಕ ಎಷ್ಟೋ ಉತ್ಸಾಹಿಗಳನ್ನು ಮನೆಯಲ್ಲೇ ಕೂರಿಸುತ್ತದೆ.

ನೋಟೀಸನ್ನು ಉಪನಿಯಮ ಹೇಳಿದಷ್ಟು ದಿನ ಮೊದಲೇ ಕಳಿಸಿ. ಇದರಲ್ಲಿ ತಪ್ಪಬೇಡಿ, ಕಾನೂನು ಮೊದಲು ಹುಡುಕುವುದು ಇದನ್ನೇ. ಕಳಿಸಿದ್ದಕ್ಕೆ ದಾಖಲೆ ಇಡಿ. ತಲುಪಿದ್ದಕ್ಕೆ ದಾಖಲೆ ಇಡುವ ಗೋಜಿಗೆ ಹೋಗಬೇಡಿ. ಪದೇ ಪದೇ ವಾರ್ಷಿಕ ಸಭೆ ತಪ್ಪಿಸಿಕೊಂಡ ಸದಸ್ಯ ಮತದಾನದ ಹಕ್ಕು ಕಳೆದುಕೊಳ್ಳುವ ಏರ್ಪಾಡು ಕಾಯ್ದೆಯಲ್ಲಿದೆ. ಸಭೆಗೆ ಜನ ಬರಲಿ ಎಂದು ಮಾಡಿದ ಏರ್ಪಾಡು ಇದು. ನಿಮ್ಮ ವಿರೋಧಿಗಳ ವಿಳಾಸ ಹಳೆಯದಾಗಿದ್ದರೆ ಅದನ್ನು ತಿದ್ದುವ ಅವಸರ ಮಾಡಬೇಡಿ. ಕೆಲವು ವರ್ಷಗಳಲ್ಲಿ ಕಾಯ್ದೆಯೇ ಅವರನ್ನು ನೋಡಿಕೊಳ್ಳುತ್ತದೆ. ಚುನಾವಣೆ ಬಂದಾಗ ಅನರ್ಹರ ಪಟ್ಟಿಯನ್ನು ನೋಟೀಸ್ ಬೋರ್ಡಿಗೆ ಹಚ್ಚಿ, ಎದುರು ನಿಂತು ಮರುಗಿ.

ವಾರ್ಷಿಕ ವರದಿಯ ಪುಸ್ತಕಕ್ಕೆ ಖರ್ಚು ಮಾಡಿ. ಇದರಲ್ಲಿ ಜಿಪುಣತನ ಬೇಡ. ಮುಖಪುಟಕ್ಕೆ ಸಂಘದ ಕಟ್ಟಡ, ಒಳಗೆ ಶ್ರೀಗಳ ಆಶೀರ್ವಾದ, ಶಾಸಕರ ಶುಭ ಹಾರೈಕೆ, ನಿಮ್ಮದೊಂದು ನಗುಮುಖದ ಫೋಟೊ, ನಿರ್ದೇಶಕರ ಸಾಲು ಫೋಟೊಗಳು, ಆಮೇಲೆ ಅಧ್ಯಕ್ಷರ ನುಡಿ. ಇವೆಲ್ಲ ನುಣುಪು ಕಾಗದದಲ್ಲಿ, ನಾಲ್ಕು ಬಣ್ಣದಲ್ಲಿ, ದಪ್ಪ ಅಕ್ಷರದಲ್ಲಿರಲಿ. ಅಢಾವೆ ಪತ್ರಿಕೆ ಬರುವ ಪುಟಕ್ಕೆ ಕಾಗದವೂ ತೆಳುವಾಗಲಿ, ಅಕ್ಷರವೂ ತೆಳುವಾಗಲಿ. ಹೊತ್ತಿಗೆ ಸರಿಯಾಗಿ ಬಾರದ ಸಾಲಕ್ಕೆ ಸುಸ್ತಿ ಬಾಕಿ ಎಂಬ ಕರ್ಕಶ ಹೆಸರಿದೆ. ಅದನ್ನು ಬರತಕ್ಕ ಬಾಕಿಗಳು ಎಂಬ ದೊಡ್ಡ ಕುಟುಂಬದೊಳಗೆ ಸೇರಿಸಿಬಿಡಿ. ಬರತಕ್ಕದ್ದು ಎಂದರೆ ಇವತ್ತಲ್ಲ ನಾಳೆ ಬರುತ್ತದೆ ಎಂಬ ಭರವಸೆ ಓದುವವನಿಗೆ ಬರುತ್ತದೆ. ಲಾಭ ಇದ್ದರೆ ಅದರಲ್ಲಿ ಶೇ. 25ನ್ನು ಆಪದ್ಧನ ನಿಧಿಗೆ ತೆಗೆದಿಡಬೇಕೆಂದು ಕಾಯ್ದೆ ಹೇಳುತ್ತದೆ. ತೆಗೆದಿಡಿ, ಅದನ್ನು ನಿಮ್ಮ ದೂರದೃಷ್ಟಿ ಎಂದು ಅಧ್ಯಕ್ಷರ ನುಡಿಯಲ್ಲಿ ಬರೆಯಿರಿ.

ಲೆಕ್ಕಪರಿಶೋಧಕರು ನ್ಯೂನತೆಗಳ ಪಟ್ಟಿ ಕೊಡುತ್ತಾರೆ. ಅದರ ಎದುರಿಗೆ ನಿಮ್ಮ ಅನುಪಾಲನಾ ವರದಿ ಇರಬೇಕು. ಇದಕ್ಕೆ ಮೂರೇ ವಾಕ್ಯ ಸಾಕು: ‘ಗಮನಿಸಲಾಗಿದೆ’, ‘ಕ್ರಮ ಕೈಗೊಳ್ಳಲಾಗುವುದು’, ‘ಮುಂದೆ ಹೀಗಾಗದಂತೆ ನೋಡಿಕೊಳ್ಳಲಾಗುವುದು’. ಈ ವರ್ಷ ಮೊದಲನೆಯ ನ್ಯೂನತೆಗೆ ಮೊದಲನೆಯ ವಾಕ್ಯ ಬರೆದಿದ್ದರೆ ಮುಂದಿನ ವರ್ಷ ಅದೇ ನ್ಯೂನತೆಗೆ ಎರಡನೆಯದು, ಅದರ ಮುಂದಿನ ವರ್ಷ ಮೂರನೆಯದು ಬರೆಯಿರಿ. ಓದಿದವರಿಗೆ ಸಂಘ ಪ್ರಗತಿಪಥದಲ್ಲಿದೆ ಎನ್ನಿಸುತ್ತದೆ. ನಾಲ್ಕನೆಯ ವರ್ಷ ಮತ್ತೆ ಗಮನಿಸಿ.

ಪುಸ್ತಕವನ್ನು ಮನೆಗೆ ಕಳಿಸುವ ಚಟ ಕೆಲವು ಸಂಘಗಳಿಗಿದೆ. ಅದು ಅಪಾಯಕಾರಿ. ನಿವೃತ್ತರು ಮಧ್ಯಾಹ್ನ ಊಟವಾದ ಮೇಲೆ ಪೆನ್ಸಿಲ್ ಹಿಡಿದು ಕೂರುತ್ತಾರೆ. ಪುಸ್ತಕವನ್ನು ಮಂಟಪದ ಬಾಗಿಲಲ್ಲಿ, ಹಾಜರಿ ಸಹಿ ಮಾಡಿಸುವ ಟೇಬಲ್ಲಿನ ಮೇಲೆ ಕೊಡಿ. ಒಂದು ಕೈಗೆ ಪುಸ್ತಕ, ಇನ್ನೊಂದು ಕೈಗೆ ಊಟದ ಕೂಪನ್ನು, ಬಗಲಿಗೆ ಸ್ಟೀಲ್ ಡಬ್ಬಿಯ ಚೀಟಿ. ಮೂರನ್ನೂ ಒಟ್ಟಿಗೆ ಕೊಟ್ಟರೆ ಯಾವುದನ್ನು ಕಳೆದುಕೊಳ್ಳಬಾರದು ಎಂಬುದು ಪ್ರತಿಯೊಬ್ಬ ಸದಸ್ಯನಿಗೂ ಗೊತ್ತಿರುತ್ತದೆ.

ಕೋರಂ ಬಗ್ಗೆ ಚಿಂತೆ ಬೇಡ. ಸಹಿಯೇ ಹಾಜರಿ. ಸಹಿ ಮಾಡಿ, ಡಬ್ಬಿ ತೆಗೆದುಕೊಂಡು, ಬೈಕ್ ಹತ್ತಿ ಹೋದವರೂ ಕಾನೂನಿನ ಕಣ್ಣಿಗೆ ನಿಮ್ಮೆದುರು ಕೂತು ತಲೆಯಾಡಿಸುತ್ತಿರುತ್ತಾರೆ. ಹಾಗೂ ಸಂಖ್ಯೆ ಕಡಿಮೆ ಬಿದ್ದರೆ ನೋಟೀಸಿನ ಅಡಿಯಲ್ಲಿ ಮೊದಲೇ ಒಂದು ಸಾಲು ಅಚ್ಚು ಹಾಕಿಸಿರಿ: ಕೋರಂ ಆಗದಿದ್ದಲ್ಲಿ ಸಭೆಯನ್ನು ಅರ್ಧ ಗಂಟೆ ಮುಂದೂಡಿ, ಅದೇ ಸ್ಥಳದಲ್ಲಿ ಅದೇ ವಿಷಯಗಳ ಮೇಲೆ ನಡೆಸಲಾಗುವುದು, ಅದಕ್ಕೆ ಕೋರಂ ಅವಶ್ಯವಿರುವುದಿಲ್ಲ. ಈ ಅರ್ಧ ಗಂಟೆಯಲ್ಲಿ ಚಹಾ, ಚುರಮುರಿ, ಮಿರ್ಚಿ ಕೊಡಿ. ಮಿರ್ಚಿ ತಿಂದವರ ಬಾಯಿ ಉರಿಯುತ್ತಿರುವಾಗಲೇ ಸಭೆ ಶುರು ಮಾಡಿ.

ವೇದಿಕೆ ಕಾರ್ಯಕ್ರಮದಲ್ಲಿ ಪ್ರತಿಭಾ ಪುರಸ್ಕಾರವನ್ನು ಲೆಕ್ಕಪತ್ರದ ಮೊದಲು ಇಡಿ. ಈ ಒಂದು ಸಲಹೆಯನ್ನು ಪಾಲಿಸಿದರೂ ಕೈಪಿಡಿ ಓದಿದ್ದು ಸಾರ್ಥಕ. ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದ ಸದಸ್ಯರ ಮಕ್ಕಳನ್ನು ಕರೆಸಿ, ಮುಂದಿನ ಎರಡು ಸಾಲು ಅವರಿಗೇ ಬಿಡಿ. ಹಿಂದೆ ಅವರ ಅವ್ವಂದಿರು ಮೊಬೈಲ್ ಹಿಡಿದು ಕೂತಿರುತ್ತಾರೆ. ಮಗಳು ಈಗ ತಾನೇ ಶ್ರೀಗಳ ಕೈಯಿಂದ ಪ್ರಮಾಣಪತ್ರ ಪಡೆದಿದ್ದಾಳೆ. ಅಪ್ಪ ಎದ್ದು ನಿಂತು ಎನ್‌ಪಿಎ ಎಷ್ಟು ಎಂದು ಕೇಳುತ್ತಾನೆಯೇ? ಇದರ ಜೊತೆ ಹಿರಿಯ ಸದಸ್ಯರ ಸನ್ಮಾನವೂ ಇರಲಿ. ಯಾರನ್ನು ಸನ್ಮಾನಿಸಬೇಕು ಎಂಬುದಕ್ಕೆ ಕಳೆದ ವರ್ಷದ ಸಭೆಯನ್ನು ನೆನಪಿಸಿಕೊಳ್ಳಿ. ಯಾರು ಪ್ರಶ್ನೆ ಕೇಳಿದ್ದರೋ ಅವರು ಸಂಘಕ್ಕೆ ಸಲ್ಲಿಸಿದ ಸೇವೆ ಅನುಪಮ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ವೇದಿಕೆಯ ಮೇಲೇ ಕೂರಿಸಿಕೊಳ್ಳಿ. ವೇದಿಕೆಯ ಮೇಲೆ ಕೂತವರಿಗೆ ಮೈಕು ಸಿಗುವುದಿಲ್ಲ.

ಅಂದಹಾಗೆ ಮೈಕು ಒಂದೇ ಇರಲಿ. ಸದಸ್ಯರಿಗೆಂದು ಇನ್ನೊಂದು ಕಾರ್ಡ್‌ಲೆಸ್ ತರಿಸಿ, ಸೆಲ್ಲು ಹಾಕಿಸಬೇಡಿ.

ಈಗ ಮುಖ್ಯ ಕಸುಬಿಗೆ ಬರೋಣ: ಠರಾವು ಪಾಸು ಮಾಡುವುದು. ಸೂಚಕರು ಇಬ್ಬರು, ಅನುಮೋದಕರು ಇಬ್ಬರು, ಹಿಂದಿನ ಗೋಡೆಯ ಬಳಿ ‘ಮಂಜೂರ್’ ಎನ್ನುವವರು ಐದಾರು ಜನ ಸಾಕು. ಇಷ್ಟು ಜನರ ಬಲದ ಮೇಲೆ ಎಷ್ಟೇ ದೊಡ್ಡ ಸಂಘವನ್ನಾದರೂ ನಡೆಸಬಹುದು. ಸೂಚಕರನ್ನೂ ಅನುಮೋದಕರನ್ನೂ ಒಂದೇ ಕಡೆ ಕೂರಿಸಬೇಡಿ. ನಾಲ್ಕು ಮೂಲೆಗೆ ಹಂಚಿ. ದನಿ ನಾಲ್ಕು ದಿಕ್ಕಿನಿಂದ ಬಂದರೆ ನಡುವೆ ಕೂತವರಿಗೆ ಇಡೀ ಸಭೆಯೇ ಕೂಗಿತು ಅನ್ನಿಸುತ್ತದೆ, ತಾನೊಬ್ಬನೇ ಸುಮ್ಮನಿದ್ದೆನಲ್ಲ ಎಂದು ನಾಚಿ ಅವರೂ ಕೂಗುತ್ತಾರೆ.

ಕಾರ್ಯದರ್ಶಿಗೆ ಓದುವ ಅಭ್ಯಾಸ ಮಾಡಿಸಿ. ವಿಷಯದ ಕ್ರಮಸಂಖ್ಯೆಯನ್ನು ನಿಧಾನವಾಗಿ, ಸ್ಪಷ್ಟವಾಗಿ ಓದಲಿ. ವಿಷಯವನ್ನು ಬೇಗ ಓದಲಿ. ಅಂಕಿಗಳನ್ನು ಓದದಿರಲಿ. ಮಾದರಿ ಹೀಗಿರಲಿ:

“ವಿಷಯ ನಂಬರ್ ಮೂರು. ವರದಿಯೊಳಗ ಎಲ್ಲಾ ಅಚ್ಚಾಗೇತ್ರಿ, ತಾವೆಲ್ಲಾ ಓದೀರಿ ಅಂತ ಭಾವಿಸಿ ಸಭಾದ ಮುಂದ ಇಡ್ತೀನ್ರಿ. ಯಾರದರೆ ಏನರೆ ಅಭ್ಯಂತರ ಐತೇನ್ರಿ?”

ಈ ಪ್ರಶ್ನೆಯ ಕೊನೆಯ ಅಕ್ಷರ ಮುಗಿಯುವ ಮೊದಲೇ ಹಿಂದಿನಿಂದ “ಮಂಜೂರ್, ಮಂಜೂರ್!” ಎಂಬ ಕೂಗು ಬರಬೇಕು. ಅದರ ಬೆನ್ನಿಗೇ ನೀವು ಚಪ್ಪಾಳೆ ತಟ್ಟಿ. ಸಭೆಯಲ್ಲಿ ಯಾರಾದರೂ ಚಪ್ಪಾಳೆ ತಟ್ಟಿದರೆ ಏಕೆಂದು ಕೇಳದೆ ತಟ್ಟುವುದು ನಮ್ಮ ಜನರ ಸಂಸ್ಕಾರ.

ಆಕ್ಷೇಪಣೆ ಇಲ್ಲದಿದ್ದರೆ ಒಪ್ಪಿಗೆ ಎಂಬ ಈ ಪದ್ಧತಿಗೆ ದೊಡ್ಡ ವಂಶಾವಳಿಯಿದೆ, ಸಂಕೋಚ ಪಡಬೇಡಿ. ಅಮೆರಿಕದ ಸೇನಾ ಎಂಜಿನಿಯರ್ ಹೆನ್ರಿ ಮಾರ್ಟಿನ್ ರಾಬರ್ಟ್ ಎಂಬವರು 1863ರಲ್ಲಿ ನ್ಯೂ ಬೆಡ್‌ಫರ್ಡ್ ಊರಿನ ಒಂದು ಚರ್ಚಿನ ಸಭೆಗೆ ಅಧ್ಯಕ್ಷರಾಗಿ ಕೂತು, ಗದ್ದಲವಾಗಿ, ಏನು ಮಾಡಬೇಕೆಂದು ತೋಚದೆ ಕಂಗೆಟ್ಟರು. ಆ ಅವಮಾನ ಅವರನ್ನು ಬಿಡಲಿಲ್ಲ. ಸಭೆ ನಡೆಸುವ ನಿಯಮಗಳ ಪುಸ್ತಕವನ್ನೇ ಬರೆದು 1876ರಲ್ಲಿ ಅಚ್ಚು ಹಾಕಿಸಿದರು. ಹಿಂದಿನ ಸಭೆಯ ನಡಾವಳಿ, ನಿತ್ಯದ ವರದಿಗಳಂಥ ಸಣ್ಣ ವಿಷಯಕ್ಕೆ ಮತ ಎಣಿಸುತ್ತ ಕೂರಬೇಡಿ, ಆಕ್ಷೇಪಣೆ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಒಪ್ಪಿಗೆಯಾಯಿತು ಎಂದು ಸಾರಿಬಿಡಿ ಎಂಬುದು ಅವರ ಪದ್ಧತಿಯಲ್ಲಿದೆ. ದೊಡ್ಡ ವಿಷಯಕ್ಕೆ ಸಮಯ ಉಳಿಯಲಿ ಎಂಬುದು ಅದರ ಉದ್ದೇಶ. ನೀವು ಉದ್ದೇಶವನ್ನು ಅವರಿಗೇ ಬಿಟ್ಟು, ಉಪಾಯವನ್ನು ಮಾತ್ರ ತೆಗೆದುಕೊಳ್ಳಿ, ದೊಡ್ಡ ವಿಷಯಗಳನ್ನೂ ಅದರಲ್ಲೇ ಮುಗಿಸಿ.

ಹಾಗೆಂದು ಸಭೆಯಲ್ಲಿ ಚರ್ಚೆಯೇ ನಡೆಯದಿದ್ದರೆ ಸದಸ್ಯರಿಗೆ ಏನೋ ಕಳೆದುಕೊಂಡಂತಾಗುತ್ತದೆ. ಅದಕ್ಕೊಂದು ವಿಷಯ ನೀವೇ ಒದಗಿಸಿ. ಇದರ ಶಾಸ್ತ್ರವನ್ನು ಸಿ. ನಾರ್ತ್‌ಕೋಟ್ ಪಾರ್ಕಿನ್‌ಸನ್ 1957ರ ತಮ್ಮ ಪುಸ್ತಕದಲ್ಲಿ ಹೇಳಿದ್ದಾರೆ. ಅವರ ಕಲ್ಪನೆಯ ಸಮಿತಿಯೊಂದು ಒಂದು ಕೋಟಿ ಪೌಂಡಿನ ಅಣು ಸ್ಥಾವರವನ್ನು ಎರಡೂವರೆ ನಿಮಿಷದಲ್ಲಿ ಒಪ್ಪುತ್ತದೆ, 350 ಪೌಂಡಿನ ಸೈಕಲ್ ಶೆಡ್ಡಿನ ಮೇಲೆ ಮುಕ್ಕಾಲು ಗಂಟೆ ಚರ್ಚಿಸುತ್ತದೆ. ಅಣು ಸ್ಥಾವರ ಯಾರಿಗೂ ಗೊತ್ತಿಲ್ಲ, ತಗಡಿನ ಶೆಡ್ಡು ಎಲ್ಲರಿಗೂ ಗೊತ್ತು. ನಿಮ್ಮ ಅಣು ಸ್ಥಾವರ ಯಾವುದೆಂದು ನಿಮಗೆ ಗೊತ್ತಿದೆ. ಅದರ ಮುಂದಿನ ಕ್ರಮಸಂಖ್ಯೆಗೆ ಹೀಗೊಂದು ವಿಷಯ ಹಾಕಿ: ಮುಂದಿನ ವರ್ಷ ಸದಸ್ಯರಿಗೆ ಸ್ಟೀಲ್ ಡಬ್ಬಿ ಕೊಡಬೇಕೋ, ಪ್ರಯಾಣದ ಚೀಲ ಕೊಡಬೇಕೋ ಎಂಬ ಬಗ್ಗೆ ಚರ್ಚಿಸಿ ತೀರ್ಮಾನಿಸುವುದು. ಆಗ ನೋಡಿ ಪ್ರಜಾಪ್ರಭುತ್ವ. ಡಬ್ಬಿಗೆ ಮುಚ್ಚಳ ಸಡಿಲ ಎಂದು ಒಬ್ಬರು, ಚೀಲದ ಜಿಪ್ಪು ಆರು ತಿಂಗಳೂ ಬಾಳುವುದಿಲ್ಲ ಎಂದು ಇನ್ನೊಬ್ಬರು, ರೊಕ್ಕಾನೇ ಕೊಡ್ರಿ ಎಂದು ಮತ್ತೊಬ್ಬರು. ಈ ಚರ್ಚೆಗೆ ಎಷ್ಟು ಹೊತ್ತು ಬೇಕಾದರೂ ಕೊಡಿ. ನಡುವೆ ಎದ್ದು, ಎಲ್ಲರ ಅಭಿಪ್ರಾಯಕ್ಕೂ ಬೆಲೆ ಕೊಡುವ ಸಂಘ ನಮ್ಮದು ಎಂದು ಒಮ್ಮೆ ಹೇಳಿ. ಎಲ್ಲ ಕೇಳಿಸಿಕೊಂಡ ಮೇಲೆ ತೀರ್ಮಾನದ ಅಧಿಕಾರವನ್ನು ಆಡಳಿತ ಮಂಡಳಿಗೆ ಕೊಡಲಾಯಿತು ಎಂದು ಠರಾವು ಮಾಡಿಸಿಕೊಳ್ಳಿ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಒಬ್ಬರು ಏಳುತ್ತಾರೆ. ಸಾಮಾನ್ಯವಾಗಿ ನಿವೃತ್ತ ಮಾಸ್ತರರು. ಪುಸ್ತಕ ಬಾಗಿಲಲ್ಲಿ ಕೈಗೆ ಬಂದು ಅರ್ಧ ಗಂಟೆಯಾಗಿರುವುದಿಲ್ಲ, ಆಗಲೇ ಮಡಚಿದ ಪುಟ ಕಾಣುತ್ತದೆ. ಗಾಬರಿಯಾಗಬೇಡಿ. ಸಂಭಾಷಣೆಯನ್ನು ಈ ಕ್ರಮದಲ್ಲಿ ನಡೆಸಿ.

“ಅಧ್ಯಕ್ಷರ, ಇಪ್ಪತ್ಮೂರನೇ ಪುಟದಾಗ ‘ಇತರೆ ಖರ್ಚು’ ಅಂತ ಹನ್ನೊಂದು ಲಕ್ಷ ಹಾಕೀರಿ. ಅಂದಾಜಿನಾಗ ಮೂರು ಇತ್ತು. ಆ ಇತರೆ ಅಂದ್ರ ಏನ್ರಿ?”

“ಭಾಳ ಚಲೋ ಪ್ರಶ್ನೆ ಕೇಳಿದ್ರಿ ಮಾಸ್ತರ. ನಿಮ್ಮಂಥಾ ಹಿರಿಯರ ಮಾರ್ಗದರ್ಶನ ಸಂಘಕ್ಕ ಬೇಕೇ ಬೇಕ್ರಿ.”

“ಮಾರ್ಗದರ್ಶನ ಇರಲಿರಿ, ಲೆಕ್ಕಾ ಹೇಳ್ರಿ.”

“ಹೇಳ್ತೀನ್ರಿ. ಅದು ಮೂರು ನಾಕು ಶೀರ್ಷಿಕೆದಾಗ ಬರ್ತೈತಿ, ವೋಚರ್ ಎಲ್ಲಾ ಆಫೀಸಿನಾಗ ಅದಾವು. ನಾಳೆ ಮುಂಜಾನೆ ಬರ್ರಿ, ಚಾ ಕುಡಕೋತ ಕೂತು ನೋಡೂಣು.”

“ನಾಳೆ ನಾನೊಬ್ಬನ ನೋಡಿ ಏನ್ ಮಾಡ್ಲಿ? ಸಭಾಕ್ಕ ಹೇಳ್ರಿ.”

ಇಲ್ಲಿಗೆ ನಿಮ್ಮ ಪಾತ್ರ ಮುಗಿಯಿತು. ನೀವು ಬಾಯಿ ತೆರೆಯಬೇಡಿ, ನೋವು ತುಂಬಿದ ಮುಖ ಮಾಡಿ ಕೂತಿರಿ. ಹಿಂದಿನ ಗೋಡೆಯ ಬಳಿಯ ಜನರಿಗೆ ತಮ್ಮ ಸರದಿ ಗೊತ್ತಿರುತ್ತದೆ. “ಕುಂದರ್ರಿ ಮಾಸ್ತರ, ಊಟಾ ಆರಾಕತ್ತೈತಿ!” ಎಂದು ಒಬ್ಬ, “ವರ್ಷಾ ಇವರದು ಇದ ಆತು” ಎಂದು ಮತ್ತೊಬ್ಬ. ಆಮೇಲೆ ನಿಮ್ಮವರಲ್ಲದವರೂ ತಾವಾಗಿಯೇ ಸೇರಿಕೊಳ್ಳುತ್ತಾರೆ. ಅವರದೇ ಹನ್ನೊಂದು ಲಕ್ಷದ ಬಗ್ಗೆ ಕೇಳುತ್ತಿರುವ ಮನುಷ್ಯನನ್ನು ಅವರೇ ಕೂರಿಸುತ್ತಾರೆ. ಈ ಕ್ಷಣವನ್ನು ಬೇಕಾದರೆ ಆನಂದಿಸಿ, ಆದರೆ ಮುಖದ ಮೇಲೆ ತೋರಿಸಬೇಡಿ.

ಇದು ಫಲಿಸಬೇಕಾದರೆ ಅಡುಗೆ ಮನೆ ಎಲ್ಲಿದೆ ಎಂಬುದು ಮುಖ್ಯ. ಮಂಟಪ ಬುಕ್ ಮಾಡುವ ಮೊದಲೇ ಹೋಗಿ, ಗಾಳಿ ಎತ್ತ ಬೀಸುತ್ತದೆ ನೋಡಿ ಬನ್ನಿ. ಲೆಕ್ಕಪತ್ರದ ವಿಷಯ ಬರುವ ಹೊತ್ತಿಗೆ ಸರಿಯಾಗಿ ಬದನೆಕಾಯಿ ಎಣ್ಣೆಗಾಯಿಯ ಒಗ್ಗರಣೆ ಬೀಳಲಿ. ಗೋಧಿ ಹುಗ್ಗಿ ಕಡ್ಡಾಯ. ತುಪ್ಪದಲ್ಲಿ ಕೈ ಹಿಡಿಯಬೇಡಿ. ಖರ್ಚು ಯಾವ ಶೀರ್ಷಿಕೆಯಲ್ಲಿ ಹಾಕಬೇಕೆಂದು ಕೇಳುತ್ತೀರಾ? ಮಾಸ್ತರರು ಕೇಳಿದರಲ್ಲ, ಅದೇ ಶೀರ್ಷಿಕೆ.

ಅಂದಾಜಿಗಿಂತ ಹೆಚ್ಚಾದ ಖರ್ಚಿಗೆ ಮಂಜೂರಾತಿ ಪಡೆಯುವುದು ಎಂಬ ವಿಷಯವನ್ನು ಪ್ರತಿ ವರ್ಷವೂ ಖಾಯಂ ಆಗಿ ಹಾಕಿ. ಇದಿದ್ದರೆ ಅಂದಾಜು ಪತ್ರಿಕೆ ತಯಾರಿಸುವಾಗ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಉಪನಿಯಮ ತಿದ್ದುಪಡಿ ಇದ್ದರೆ ‘ವಿವರ ಲಗತ್ತಿಸಿದೆ’ ಎಂದು ಬರೆಯಿರಿ. ಲಗತ್ತನ್ನು ಯಾರೂ ಹುಡುಕುವುದಿಲ್ಲ. ಹುಡುಕಿದವರು ತಮ್ಮ ಪ್ರತಿಯಲ್ಲಿ ಮಾತ್ರ ಉದುರಿಹೋಗಿದೆ ಎಂದುಕೊಳ್ಳುತ್ತಾರೆ. ಕೊನೆಯ ವಿಷಯ ಎಂದಿನಂತೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು’. ಅಪ್ಪಣೆ ನಿಮ್ಮದು. ಕೊಡಬೇಡಿ.

ಈ ವಿದ್ಯೆ ಕೈಗೂಡಿದ ಮೇಲೆ ನಿಮ್ಮ ಕಣ್ಣು ಸಹಜವಾಗಿ ದೊಡ್ಡ ಸಭೆಗಳ ಮೇಲೆ ಬೀಳುತ್ತದೆ. ಬೀಳಲಿ. 82 ವಾರ್ಡುಗಳ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ ಇದೆ, ವಿಧಾನಸಭೆ ಇದೆ, ಸಂಸತ್ತಿದೆ. ಅಲ್ಲಿ ಊಟದ ಕೂಪನ್ನು ನಡೆಯುವುದಿಲ್ಲ, ಗದ್ದಲ ಬೇಕು. ಎಲ್ಲರೂ ಪೀಠದ ಮುಂದೆ ಬಂದು ಕೂಗುತ್ತಿರುವಾಗ ಕೂಗಿದ್ದು ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಕಿವಿ ಪೀಠದಲ್ಲಿ ಕೂತವರದು. ಅದಕ್ಕೆ ಧ್ವನಿಮತ ಎನ್ನುತ್ತಾರೆ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳು ಪಾಸಾದದ್ದು ಹೀಗೆಯೇ: ಮತ ಎಣಿಸಿ ಎಂದು ವಿರೋಧ ಪಕ್ಷದವರು ಕೇಳುತ್ತಿದ್ದರು, ಸದನ ಗದ್ದಲದಲ್ಲಿತ್ತು, ಧ್ವನಿ ಸಾಕಾಯಿತು. ಕಣಗಿನಹಾಳದಿಂದ ದಿಲ್ಲಿಯವರೆಗೂ ಸೆಪ್ಟೆಂಬರ್ ಠರಾವಿಗೆ ಒಳ್ಳೆಯ ತಿಂಗಳು.

ಗದ್ದಲ ಎಬ್ಬಿಸುವಷ್ಟು ಜನಬಲ ಇಲ್ಲದಿದ್ದರೆ ಸಾಹಿತ್ಯದ ಕಡೆ ಬನ್ನಿ. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಬಹಿರಂಗ ಅಧಿವೇಶನ ನೋಡಿದ್ದೀರಾ? ನಮ್ಮ ಧಾರವಾಡದಲ್ಲೇ 2019ರ ಜನವರಿ 4ರಿಂದ 6ರವರೆಗೆ 84ನೆಯ ಸಮ್ಮೇಳನ ನಡೆಯಿತು. ಸಮ್ಮೇಳನದ ಠರಾವಿನ ಸೊಗಸು ಏನೆಂದರೆ, ಅದರಲ್ಲಿ ಮಾಡಬೇಕಾದ ಕೆಲಸವೆಲ್ಲ ಸರ್ಕಾರದ್ದು, ಮಾಡುವವರು ಯಾರೂ ಆ ಪೆಂಡಾಲಿನಲ್ಲಿ ಇರುವುದಿಲ್ಲ. ವಿರೋಧಿಸುವುದಕ್ಕೆ ಕಾರಣವೇ ಇರುವುದಿಲ್ಲ. ನಿಮ್ಮ ಸಂಘದಲ್ಲೂ ಸಭೆ ಬಿಸಿಯಾದರೆ ಸರ್ಕಾರಕ್ಕೆ ಒಂದು ಒತ್ತಾಯದ ಠರಾವು ಮಂಡಿಸಿ. ಮಹದಾಯಿ ನೀರು ಸದಾ ಲಭ್ಯ. ಎಲ್ಲರೂ ಎದ್ದು ನಿಂತು ಒಪ್ಪುತ್ತಾರೆ. ಎದ್ದು ನಿಂತವರನ್ನು ಹಾಗೆಯೇ ಊಟಕ್ಕೆ ಕರೆದೊಯ್ಯುವುದು ಸುಲಭ.

ಸರ್ವಾನುಮತದ ತುತ್ತತುದಿ ನೋಡಬೇಕಾದರೆ ಮಾತ್ರ ಪಾಲಿಕೆಯ ಈಚಿನ ಇತಿಹಾಸವನ್ನೇ ಓದಬೇಕು. 1962ರಲ್ಲಿ ಎರಡೂ ಊರು ಕೂಡಿಸಿ ಕಟ್ಟಿದ ಪಾಲಿಕೆ ಇದು. 2019ರ ಮಾರ್ಚ್‌ನಲ್ಲಿ ಚುನಾಯಿತ ಸದಸ್ಯರ ಅವಧಿ ಮುಗಿಯಿತು. ಮುಂದಿನ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್ 3ರಂದು, ಮೇಯರ್ ಆಯ್ಕೆಯಾದದ್ದು 2022ರ ಮೇ ತಿಂಗಳಲ್ಲಿ. ನಡುವಿನ ಮೂರು ವರ್ಷ ಆಡಳಿತಾಧಿಕಾರಿಯ ಆಡಳಿತ. ಸೂಚಕರು ಬೇಡ, ಅನುಮೋದಕರು ಬೇಡ, ಕೋರಂ ಬೇಡ, ಒಗ್ಗರಣೆ ಬೇಡ. ಒಬ್ಬ ಅಧಿಕಾರಿ, ಒಂದು ಪೆನ್ನು. ನಿಮ್ಮ ಸಂಘದಲ್ಲಿ ಸಭೆ ತಪ್ಪಿಸಿದರೆ, ಅಥವಾ ಸಹಕಾರ ಕಾಯ್ದೆಯ 64ನೇ ಕಲಮಿನ ವಿಚಾರಣೆ ಕೆಟ್ಟದಾಗಿ ಮುಗಿದರೆ, ಇಲ್ಲಿಗೂ ಆಡಳಿತಾಧಿಕಾರಿ ಬರಬಹುದು. ಆಗ ಸರ್ವಾನುಮತ ಇರುತ್ತದೆ, ನೀವು ಇರುವುದಿಲ್ಲ. ಆದ್ದರಿಂದ ಸಭೆಯನ್ನು ತಪ್ಪದೆ ನಡೆಸಿ.

ಕೊನೆಯದಾಗಿ ನಡಾವಳಿ. ಇದನ್ನು ಸಭೆಯ ಹಿಂದಿನ ದಿನ ಸಂಜೆ, ಮನಸ್ಸು ಶಾಂತವಾಗಿರುವಾಗ ಬರೆದು ಮುಗಿಸಿ. ಪ್ರತಿ ವಿಷಯದ ಕೆಳಗೂ ‘ಸಭೆಯು ಕೂಲಂಕಷವಾಗಿ ಚರ್ಚಿಸಿ ಸರ್ವಾನುಮತದಿಂದ ಮಂಜೂರು ಮಾಡಿತು’ ಎಂದಿರಲಿ. ಎಲ್ಲ ಕಡೆ ಒಂದೇ ವಾಕ್ಯ ಬೇಡ ಎನಿಸಿದರೆ ಎರಡು ಕಡೆ ‘ದೀರ್ಘವಾಗಿ’ ಎಂದು ಬದಲಿಸಿ. ಪುಟದ ಅಡಿಯಲ್ಲಿ ನಾಲ್ಕು ಬೆರಳು ಜಾಗ ಬಿಡಿ. ವರ್ಷದ ನಡುವೆ ಏನಾದರೂ ನೆನಪಾಗುತ್ತದೆ. ಸೂಚಕರ ಹೆಸರು ನಿಮ್ಮವರದೇ ಇರಲಿ. ಅನುಮೋದಕರ ಜಾಗವನ್ನು ಖಾಲಿ ಬಿಟ್ಟು, ಸಭೆ ಮುಗಿದ ಮೇಲೆ ತುಂಬಿ. ಲೆಕ್ಕಪತ್ರದ ವಿಷಯಕ್ಕೆ ಅಲ್ಲಿ ಮಾಸ್ತರರ ಹೆಸರು ಬರೆಯಿರಿ. ಅವರು ಎದ್ದು ನಿಂತಿದ್ದು ನಿಜ, ಮಾತಾಡಿದ್ದೂ ನಿಜ, ಇಡೀ ಸಭೆ ನೋಡಿದೆ.

ಈ ನಡಾವಳಿಯನ್ನು ಮುಂದಿನ ವರ್ಷದ ಸಭೆ ದೃಢೀಕರಿಸಬೇಕು. ಅದು ವಿಷಯ ನಂಬರ್ ಒಂದು. ಮಂಟಪದಲ್ಲಿ ಜನ ಇನ್ನೂ ಕುರ್ಚಿ ಹುಡುಕುತ್ತಿರುವಾಗಲೇ ಮುಗಿಸಿಬಿಡಿ. ಒಂದು ವರ್ಷದ ಹಿಂದೆ ಯಾರು ಏನು ಅಂದರೆಂದು ನೆನಪಿರುವುದು ಮಾಸ್ತರರೊಬ್ಬರಿಗೇ. ಅವರು ನಡಾವಳಿಯ ನಕಲು ಕೊಡಿ ಎಂದು ಬರುತ್ತಾರೆ. ಕೊಡುವುದಿಲ್ಲ ಎನ್ನಬೇಡಿ. ಕುರ್ಚಿ ಹಾಕಿಸಿ, ಚಹಾ ತರಿಸಿ, ಅರ್ಜಿ ಬರೆಸಿಕೊಳ್ಳಿ, ಶುಲ್ಕ ಕಟ್ಟಿಸಿಕೊಂಡು ರಸೀದಿ ಕೊಡಿ. ಆ ಅರ್ಜಿಯನ್ನು ಮುಂದಿನ ಆಡಳಿತ ಮಂಡಳಿಯ ಸಭೆಯಲ್ಲಿ ಇಡಿ, ಕೂಲಂಕಷವಾಗಿ ಚರ್ಚಿಸಿ, ಸರ್ವಾನುಮತದಿಂದ ಮುಂದೂಡಿ.